ಅರಿತು ನೀಡಿದರೆ ಅನ್ನ, ಅರಿಯದೆ ನೀಡಿದರೆ ವಿಷ

ನೀಡುವುದು ಸುಲಭ, ಅರಿತು ನೀಡುವುದು ಕಷ್ಟ. ಪಂಕ್ತಿಯಲ್ಲಿ ಬಡಿಸುವವನು ಎಲ್ಲರ ಎಲೆಗೂ ಒಂದೇ ಅಳತೆಯಲ್ಲಿ ಸುರಿಯುತ್ತ ಹೋಗುವುದಿಲ್ಲ. ಹಲ್ಲಿಲ್ಲದ ಮುದುಕರಿಗೆ ಮೆತ್ತಗಿನ ಅನ್ನ, ಜ್ವರದಿಂದ ಎದ್ದವರಿಗೆ ಗಂಜಿ, ಮಗುವಿಗೆ ಖಾರವಿಲ್ಲದ ಸಾರು ಎಂದು ನೋಡಿ ನೀಡುತ್ತಾನೆ. ಉಣ್ಣುವವರ ಹೊಟ್ಟೆಯನ್ನು ಅರಿಯದೆ ನೀಡಿದ್ದು ನೀಡುವವನ ಸಂತೋಷಕ್ಕಾದೀತೇ ಹೊರತು ಉಣ್ಣುವವರ ಹಿತಕ್ಕಾಗದು. ಮನುಷ್ಯನಿಗಾದರೆ ಬಾಯಿದೆ, ಬೇಡವೆನ್ನುತ್ತಾನೆ. ಪಂಜರದ ಗಿಳಿಗೆ ನಾವು ಎಷ್ಟೇ ಮಾತು ಕಲಿಸಿದರೂ ತನ್ನ ಹೊಟ್ಟೆನೋವನ್ನು ಹೇಳಿಕೊಳ್ಳುವ ಮಾತು ಅದಕ್ಕೆ ಬಾರದು.

ಸದ್ಭಕ್ತರೇ, ಈಗೀಗ ಹಳ್ಳಿಯ ಮನೆಗಳ ಪಡಸಾಲೆಯಲ್ಲಿಯೂ ಪಂಜರಗಳು ತೂಗುತ್ತಿವೆ. ಪಟ್ಟಣದಲ್ಲಿರುವ ಮಗ ತನ್ನ ಮಕ್ಕಳ ಹಟಕ್ಕೆ ಹಕ್ಕಿ ಕೊಳ್ಳುತ್ತಾನೆ. ನೋಡಿಕೊಳ್ಳಲಾಗದೆ ಊರಿಗೆ ತಂದು ತಂದೆತಾಯಿಯರ ಕೈಗೊಪ್ಪಿಸಿ ಹೋಗುತ್ತಾನೆ. ಆದಕಾರಣ ಈ ಮಾತನ್ನು ಹಿರಿಯರಾದ ನಿಮಗೇ ಹೇಳುವುದು ಉಚಿತವೆಂದು ಭಾವಿಸಿದ್ದೇವೆ.

ಮೊದಲಿಗೆ ಒಂದು ವಿಷಯ ತಿಳಿದಿರಲಿ. ನಮ್ಮ ತೋಟಗಳ ಮರದ ಪೊಟರೆಯಲ್ಲಿ, ಗುಡಿಗೋಪುರಗಳ ಸಂದಿಯಲ್ಲಿ ಗೂಡು ಮಾಡುವ ಹಸಿರು ಗಿಳಿಯನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಕಾಯಿದೆ ಇರಲಿ, ಆಕಾಶವನ್ನು ಕಸಿದುಕೊಂಡು ಅಂಗೈಯಲ್ಲಿ ಪೇರಲ ಹಣ್ಣು ಹಿಡಿಯುವುದು ದಯೆಯೆನಿಸದು. ಅಂಥ ಗಿಳಿ ಯಾರ ಮನೆಯಲ್ಲಾದರೂ ಇದ್ದರೆ ತಾವಾಗಿ ಬಾಗಿಲು ತೆರೆದು ಬಿಡುವುದೂ ತರವಲ್ಲ. ರೆಕ್ಕೆ ಕತ್ತರಿಸಿಕೊಂಡ, ಹಾರುವುದನ್ನೇ ಮರೆತ ಹಕ್ಕಿ ಬೆಕ್ಕು ಕಾಗೆಗಳ ಪಾಲಾಗುತ್ತದೆ. ಗಿಳಿ ಸಾಕಿ ಗಿಡುಗನಿಗೆ ಕೊಟ್ಟಂತಾಗುತ್ತದೆ. ಸಮೀಪದ ಅರಣ್ಯ ಇಲಾಖೆಯ ಕಚೇರಿಗೆ ಒಪ್ಪಿಸುವುದೇ ಸರಿಯಾದ ದಾರಿ.

ನಾವು ಹೇಳಹೊರಟಿರುವುದು ಪರದೇಶದ ಗಿಳಿಗಳ ಮಾತು. ಸಂತೆಯಲ್ಲಿ 'ಲವ್ ಬರ್ಡ್ಸ್' ಎಂದು ಮಾರುವ ಹಕ್ಕಿಗಳಲ್ಲಿ ಬಹಳಷ್ಟು ಆಸ್ಟ್ರೇಲಿಯ ಮೂಲದ ಬಜರಿಗರ್ ಗಿಳಿಗಳು. ತಲೆಯ ಮೇಲೆ ಜುಟ್ಟುಳ್ಳ ಕಾಕಟೀಲ್ ಕೂಡ ಅಲ್ಲಿಯದೇ. ನಿಜವಾದ ಲವ್ ಬರ್ಡ್ ಆಫ್ರಿಕದ್ದು. ಇವು ಪಂಜರದಲ್ಲಿಯೇ ಹುಟ್ಟಿದವು. ನಮ್ಮ ಕಾಡಿನಲ್ಲಿ ಬಿಟ್ಟರೆ ಬದುಕಲಾರವು. ಮಕಾವ್, ಆಫ್ರಿಕದ ಬೂದು ಗಿಳಿಗಳಂಥವನ್ನು ಸಾಕಿದವರು 2022ರ ತಿದ್ದುಪಡಿಯಂತೆ ಸರಕಾರದಲ್ಲಿ ನೋಂದಣಿಯನ್ನೂ ಮಾಡಿಸಬೇಕು. ಯಾವ ಜಾತಿಯೇ ಆಗಲಿ, ಅದರ ಆಯುಷ್ಯವೆಲ್ಲ ನಮ್ಮ ಕೈಯ ಬಟ್ಟಲಿನಲ್ಲಿದೆ.

ಆ ಬಟ್ಟಲಿನಲ್ಲಿ ನಾವು ಹಾಕುತ್ತಿರುವುದೇನು? ಬೆಳಗಾದರೆ ನವಣೆ, ಬೈಗಾದರೆ ಸೂರ್ಯಕಾಂತಿ ಬೀಜ. ಹಕ್ಕಿ ಆಸೆಯಿಂದ ತಿನ್ನುತ್ತದೆ, ನಮಗೆ ಸಂತೋಷವಾಗುತ್ತದೆ. ಸೂರ್ಯಕಾಂತಿಯಲ್ಲಿ ಎಣ್ಣೆಯೇ ಹೆಚ್ಚು. ಅದನ್ನೇ ತಿಂದ ಹಕ್ಕಿಗೆ ಯಕೃತ್ತಿನಲ್ಲಿ ಕೊಬ್ಬು ತುಂಬುತ್ತದೆ. ಬರಿಯ ಕಾಳಿನಲ್ಲಿ ಎ ಜೀವಸತ್ವವೂ ಸುಣ್ಣದ ಅಂಶವೂ ಸಾಲವು. ಎ ಜೀವಸತ್ವ ಕಡಿಮೆಯಾದರೆ ಬಾಯಿ, ಮೂಗು, ಉಸಿರುನಾಳಗಳ ಒಳಪದರ ಕೆಡುತ್ತದೆ, ರೋಗಾಣುಗಳಿಗೆ ಬಾಗಿಲು ತೆರೆದಂತಾಗುತ್ತದೆ. ಹಕ್ಕಿ ಸೀನುತ್ತದೆ, ಬಾಯೊಳಗೆ ಬಿಳಿಯ ಕಲೆ ಏಳುತ್ತದೆ, ಒಂದು ದಿನ ಸತ್ತು ಬಿದ್ದಿರುತ್ತದೆ. ದೃಷ್ಟಿ ತಾಗಿತೆನ್ನುತ್ತೇವೆ. ತಾಗಿದ್ದು ದೃಷ್ಟಿಯಲ್ಲ, ನಮ್ಮ ಅರಿವಿನ ಕೊರತೆ.

ಇದಕ್ಕೆ ಮದ್ದು ನಿಮ್ಮ ಹಿತ್ತಲಿನಲ್ಲಿಯೇ ಇದೆ. ನುಗ್ಗೆಸೊಪ್ಪು, ಮೆಂತ್ಯ, ಕೊತ್ತಂಬರಿ, ಗಜ್ಜರಿ, ಸಿಹಿ ಕುಂಬಳ, ಬೇಯಿಸಿದ ಗೆಣಸು, ದೊಣ್ಣೆ ಮೆಣಸಿನಕಾಯಿ ಇವೆಲ್ಲ ಗಿಳಿಗೆ ಹಿತ. ಪಾಲಕ, ರಾಜಗಿರಿ ಸೊಪ್ಪುಗಳಲ್ಲಿರುವ ಆಮ್ಲವೊಂದು ಸುಣ್ಣದ ಅಂಶವನ್ನು ಮೈಗೆ ಹತ್ತಗೊಡದು. ಆಗೊಮ್ಮೆ ಈಗೊಮ್ಮೆ ಕೊಡಬಹುದು, ದಿನವೂ ಬೇಡ. ಹಣ್ಣಿನಲ್ಲಿ ಸಕ್ಕರೆ ಹೆಚ್ಚಾದುದರಿಂದ ಚಿಕ್ಕ ಚೂರು ಸಾಕು. ಸೇಬಿನ ಬೀಜವನ್ನು ತೆಗೆದೇ ಕೊಡಬೇಕು. ಗಿಳಿಗೆ ಮೆಣಸಿನಕಾಯಿ ಕೊಡುವ ಹಿರಿಯರ ವಾಡಿಕೆಯೂ ತಪ್ಪಲ್ಲ. ಹಕ್ಕಿಗಳ ನರಕ್ಕೆ ಮೆಣಸಿನ ಖಾರ ತಾಗದಿರುವುದೇಕೆಂಬುದನ್ನು 2002ರಲ್ಲಿ ವಿಜ್ಞಾನಿಗಳು ಕೋಳಿಯ ಮೇಲಿನ ಅಧ್ಯಯನದಿಂದ ತೋರಿಸಿಕೊಟ್ಟಿದ್ದಾರೆ. ಆದರೆ ಮೆಣಸಿನಕಾಯಿ ಸರಿ ಎಂದಮೇಲೆ ಮಿರ್ಚಿ ಭಜಿಯೂ ಸರಿ ಎನ್ನಲಾಗದು!

ಕೊಡಲೇಬಾರದ ಪದಾರ್ಥಗಳನ್ನು ನೆನಪಿಡಿರಿ. ಬೆಣ್ಣೆ ಹಣ್ಣು ಮನುಷ್ಯರಿಗೆ ಪುಷ್ಟಿ, ಗಿಳಿಗೆ ಮಾತ್ರ ವಿಷ. ಹೃದಯಕ್ಕೆ ಹಾನಿ ಮಾಡಿ ಒಂದೆರಡು ದಿನದಲ್ಲಿ ಜೀವ ತೆಗೆಯಬಲ್ಲುದು. ಉಳ್ಳಾಗಡ್ಡಿ, ಬೆಳ್ಳುಳ್ಳಿ ರಕ್ತವನ್ನು ಕೆಡಿಸುತ್ತವೆ. ಚಹಾ, ಕಾಫಿ, ಚಾಕೊಲೇಟು, ಉಪ್ಪು ಹಾಕಿದ ಚುರುಮುರಿ, ಚೂಡಾ ಯಾವುದೂ ಸಲ್ಲದು. ಹಸಿರು ತಿರುಗಿದ ಆಲೂಗಡ್ಡೆ, ಟೊಮ್ಯಾಟೊ ಗಿಡದ ಎಲೆ, ಕುದಿಸದ ಒಣ ಅವರೆ, ರಾಜ್ಮಾ ಅಪಾಯಕರ. ಹಾಲು ಅನ್ನ ಕಲಸಿ ಕೊಡುವವರಿದ್ದಾರೆ. ಹಾಲಿನ ಸಕ್ಕರೆಯನ್ನು ಜೀರ್ಣಿಸಿಕೊಳ್ಳುವ ಶಕ್ತಿ ಹಕ್ಕಿಗಿಲ್ಲ. ಬೂಸ್ಟು ಹಿಡಿದ ಶೇಂಗಾ ಇನ್ನೂ ಕೆಟ್ಟದ್ದು. 1960ರಲ್ಲಿ ಇಂಗ್ಲೆಂಡಿನಲ್ಲಿ ಅಂಥ ಶೇಂಗಾ ಹಿಂಡಿ ತಿಂದು ಒಂದು ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಸತ್ತವು. ಇನ್ನು ಪ್ರೀತಿಯಿಂದ ತಾವು ಅಗಿದು ಬಾಯಿಂದ ಬಾಯಿಗೆ ಕೊಡುವವರೂ ಉಂಟು. ಎಂಜಲಿನ ರೋಗಾಣು ಹಕ್ಕಿಗೆ ಕೇಡು; ಹಕ್ಕಿಯ ರೋಗವೂ ನಮ್ಮ ಶ್ವಾಸಕೋಶಕ್ಕೆ ಹತ್ತಬಹುದು. ಪಂಜರ ಮುಟ್ಟಿದ ಕೈ ತೊಳೆಯುವುದನ್ನು ಮರೆಯಬೇಡಿರಿ.

ಎಲ್ಲಕ್ಕೂ ಮಿಗಿಲಾದ ಮಾತು ಔಷಧಿ ಹೊಡೆದ ತರಕಾರಿಯದು. ಬಜರಿಗರ್ ಗಿಳಿಯ ತೂಕ 30ರಿಂದ 40 ಗ್ರಾಂ. 60 ಕಿಲೋ ತೂಗುವ ಮನುಷ್ಯ ಅದಕ್ಕಿಂತ ಸುಮಾರು 1,700 ಪಟ್ಟು ಭಾರ. ನಮಗೆ ಏನೂ ಮಾಡದ ಲೇಶಮಾತ್ರ ವಿಷ ಆ ಜೀವಕ್ಕೆ ದೊಡ್ಡ ಪ್ರಮಾಣವಾದೀತು. ಸೊಪ್ಪನ್ನು ನೀರಿನಲ್ಲಿ ನೆನೆಹಾಕಿ, ಹರಿಯುವ ನೀರಿನಲ್ಲಿ ಎರಡು ಮೂರು ಸಲ ತೊಳೆಯಬೇಕು. ಆದರೂ ಗಿಡದೊಳಗೆ ಇಳಿದ ಔಷಧಿ ತೊಳೆದರೆ ಹೋಗುವುದಿಲ್ಲ. ಆದುದರಿಂದ ಏನೂ ಹೊಡೆಯದ ಹಿತ್ತಲಿನ ನುಗ್ಗೆ, ಕುಂಡದ ಮೆಂತ್ಯವೇ ಲೇಸು. ಹಕ್ಕಿಗೆ ಕೊಡಲು ಅಂಜುವ ಸೊಪ್ಪನ್ನು ಮೊಮ್ಮಕ್ಕಳಿಗೆ ಹೇಗೆ ಉಣಿಸುತ್ತಿದ್ದೇವೆ ಎಂಬುದನ್ನೂ ರೈತ ಬಂಧುಗಳು ಒಮ್ಮೆ ಯೋಚಿಸಬೇಕು.

ಕಾಳು ತಿಂದೇ ಬೆಳೆದ ಹಕ್ಕಿ ಸೊಪ್ಪನ್ನು ಆಹಾರವೆಂದು ಗುರುತಿಸುವುದಿಲ್ಲ. ಹಸಿದರೆ ತಾನಾಗಿ ತಿಂದೀತೆಂದು ಕಾಳನ್ನು ಒಮ್ಮೆಗೇ ನಿಲ್ಲಿಸಿದರೆ ಉಪವಾಸ ಸಾಯುತ್ತದೆ. ಸಣ್ಣಗೆ ಹೆಚ್ಚಿ, ಗಜ್ಜರಿಯನ್ನು ತುರಿದು, ಕಾಳಿನೊಡನೆ ಬೆರೆಸಿ ವಾರಗಟ್ಟಲೆ ತಾಳ್ಮೆಯಿಂದ ರೂಢಿ ಮಾಡಿಸಬೇಕು. ಅದರ ಎದುರು ನಾವು ತಿಂದು ತೋರಿಸಿದರೂ ಕಲಿಯುತ್ತದೆ. ಸಣ್ಣ ಹಕ್ಕಿಗೆ ದಿನಕ್ಕೆ ಒಂದೆರಡು ಚಮಚ ತರಕಾರಿ ಸಾಕು. ಉಳಿದದ್ದನ್ನು ಎರಡು ಮೂರು ತಾಸಿನಲ್ಲಿ ತೆಗೆದು ಬಟ್ಟಲು ತೊಳೆದಿಡಬೇಕು; ಬೇಸಿಗೆಯಲ್ಲಿ ಇನ್ನೂ ಬೇಗ. ಗರಿ ಕೆದರಿಕೊಂಡು ಪಂಜರದ ತಳದಲ್ಲಿ ಕೂತರೆ ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಿರಿ. ಹಕ್ಕಿ ತನ್ನ ರೋಗವನ್ನು ಕೊನೆಯವರೆಗೂ ಮುಚ್ಚಿಡುತ್ತದೆ.

ನಮ್ಮ ಅಭಿಪ್ರಾಯ ಸ್ಪಷ್ಟವಾಗಿದೆ. ದಿನವೂ ಒಂದು ಹಿಡಿ ಸೊಪ್ಪು ತೊಳೆದು ಹೆಚ್ಚಿ ಇಡುವ ವ್ಯವಧಾನವಿಲ್ಲದವರು ಹಕ್ಕಿಯನ್ನು ಕೊಳ್ಳಲೇಬಾರದು. ಮಕ್ಕಳ ಹಟಕ್ಕೆ ಒಂದು ಜೀವವನ್ನು ಆಟಿಕೆ ಮಾಡಬಾರದು. ಈಗಾಗಲೇ ಮನೆಗೆ ಬಂದ ಜೀವವನ್ನು ಮಾತ್ರ ಮನೆಯ ಕೂಸಿನಂತೆ ಅರಿತು ಸಲಹಬೇಕು. ಗಿಳಿಗೆ ನಮ್ಮ ಹೆಸರು ಹೇಳುವುದನ್ನು ಕಲಿಸಿ ಬೀಗುವ ಮೊದಲು ಅದರ ಹಸಿವು ಎಂಥದೆಂದು ನಾವು ಕಲಿಯೋಣ.