ಮರಿಯೇ ಏಕೆ ಬೇಕು?

‘ತರೋದಾದ್ರೆ ಮರಿ ತಗೊಂಡು ಬಾರೋ. ಬೆಳೆದ ಬೆಕ್ಕು ಹಳೇ ಮನೆ ನೆನಸ್ಕೊಂಡು ಓಡಿಹೋಗುತ್ತೆ.’

ಪುಣೆಯ ಮಗರಪಟ್ಟಾದ ನಮ್ಮ ಬಾಡಿಗೆ ಫ್ಲ್ಯಾಟಿಗೆ ಬೆಕ್ಕು ತರುತ್ತೇವೆ ಎಂದಾಗ ಅಮ್ಮ ಫೋನಿನಲ್ಲಿ ಹೇಳಿದ ಮಾತಿದು. ಊರಿನ ಮಟ್ಟಿಗೆ ಅದು ಸರಿ. ಅಲ್ಲಿ ಬಾಗಿಲು ತೆರೆದೇ ಇರುತ್ತದೆ. ಹಿತ್ತಲು, ಅಟ್ಟ, ಇಲಿ ಎಲ್ಲವೂ ಉಂಟು. ಗಂಡ–ಹೆಂಡತಿ ಇಬ್ಬರೂ ಬೀಗ ಹಾಕಿ ಕೆಲಸಕ್ಕೆ ಹೋಗುವ ಎಂಟನೇ ಮಹಡಿಯ ಮನೆಯ ಲೆಕ್ಕವೇ ಬೇರೆ.

ಮರಿಗೆ ಜೊತೆ ಬೇಕು. ದಿನವಿಡೀ ಒಂಟಿಯಾಗಿ ಬಿಟ್ಟರೆ ಅರಚುತ್ತದೆ, ಪರದೆ ಹರಿಯುತ್ತದೆ, ಆಟಕ್ಕೆ ನಮ್ಮ ಕೈಯನ್ನೇ ಕಚ್ಚುತ್ತದೆ. ಅದಕ್ಕೇ ಬಲ್ಲವರು ‘ಎರಡು ಮರಿ ಒಯ್ಯಿರಿ’ ಎನ್ನುತ್ತಾರೆ. ಒಂದೇ ಪ್ರಾಣಿ ಸಾಕಬಲ್ಲ ಮನೆಗೆ ಮೂರ‍್ನಾಲ್ಕು ವರ್ಷದ ಬೆಕ್ಕೇ ಮೇಲು. ಅದರ ಸ್ವಭಾವ ಆಗಲೇ ಗೊತ್ತಿರುತ್ತದೆ, ಸಾಮಾನ್ಯವಾಗಿ ಸಂತಾನಹರಣ ಚಿಕಿತ್ಸೆ, ಲಸಿಕೆಯೂ ಆಗಿರುತ್ತವೆ.

ನಾವು ತಂದ ಬೆಕ್ಕು ಹಡಪ್ಸರ್‌ನ ಸ್ವಯಂಸೇವಕಿಯೊಬ್ಬರ ಮನೆಯಲ್ಲಿ ಹತ್ತಾರು ಬೆಕ್ಕುಗಳ ನಡುವೆ ಇತ್ತು. ಇಡೀ ದಿನ ಬೀರುವಿನ ಮೇಲೆ ಕೂತು, ಉಳಿದವು ಮಲಗಿದ ಮೇಲೆ ಇಳಿದು ತಿನ್ನುತ್ತಿತ್ತು. ನೋಡಲು ಬಂದವರೆಲ್ಲ ಸಿಡುಕಿ ಎಂದು ಬಿಟ್ಟುಹೋಗಿದ್ದರು. ಬೆಕ್ಕಿನ ಮೂಲ ಆಫ್ರಿಕಾದ ಕಾಡುಬೆಕ್ಕು. ಅದು ಒಂಟಿಯಾಗಿ ಬೇಟೆಯಾಡುವ ಪ್ರಾಣಿ. ಕೆಲವು ಬೆಕ್ಕುಗಳು ಗುಂಪಿಗೆ ಒಗ್ಗುತ್ತವೆ, ಕೆಲವು ಎಂದೂ ಒಗ್ಗುವುದಿಲ್ಲ. ನಮ್ಮಂಥ ಮನೆಗೆ ಅದು ದೋಷವಲ್ಲ, ಅರ್ಹತೆ. ಮೊದಲ ವಾರ ಒಂದೇ ಕೋಣೆಯಲ್ಲಿ, ಮಂಚದ ಕೆಳಗೆ ಕಳೆಯಿತು. ಮೂರನೇ ವಾರ ತಾನಾಗಿ ಬಂದು ಲ್ಯಾಪ್‌ಟಾಪ್ ಪಕ್ಕ ಮಲಗಿತು.

2025ರ ಫೆಬ್ರುವರಿಯಲ್ಲಿ ಇದೇ ಹಡಪ್ಸರ್‌ನ ಒಂದು ಫ್ಲ್ಯಾಟಿನಲ್ಲಿ 300ಕ್ಕೂ ಹೆಚ್ಚು ಬೆಕ್ಕುಗಳಿದ್ದ ಸುದ್ದಿ ದೇಶವಿಡೀ ಓಡಾಡಿತು. ದುರ್ವಾಸನೆ, ಗದ್ದಲ ಎಂದು ನೆರೆಯವರು ದೂರಿದ್ದರಲ್ಲಿ ತಪ್ಪಿಲ್ಲ. ಆದರೆ ಸಾಕುವ ಹೊಣೆ ಕೆಲವೇ ಮನೆಗಳ ಮೇಲೆ ಬಿದ್ದರೆ ಆ ಜೀವಗಳಿಗೂ ನೆರೆಯವರಿಗೂ ನೆಮ್ಮದಿಯಿಲ್ಲ. ಮನೆಗೊಂದರಂತೆ ಹಂಚಿಕೊಂಡರೆ ಅದು ಭಾರವಲ್ಲ.

ಒಂದು ಎಚ್ಚರಿಕೆ ನಮ್ಮಂಥವರಿಗೇ ಇದೆ. ನಮ್ಮ ಬೆಕ್ಕಿನ ಮೊದಲ ಒಡೆಯರು ಬೇರೆ ಊರಿನಲ್ಲಿ ಕೆಲಸ ಸಿಕ್ಕಿತೆಂದು ಅದನ್ನು ಪಾರ್ಕಿಂಗ್‌ನಲ್ಲಿ ಬಿಟ್ಟು ಹೋಗಿದ್ದರಂತೆ. ಅವರನ್ನು ಬೈಯುವುದು ಸುಲಭ. ಇವತ್ತು ಪುಣೆ, ನಾಳೆ ಹೈದರಾಬಾದ್ ಎನ್ನುವ ಬದುಕು ನಮ್ಮದೂ ಹೌದಲ್ಲ! ನಾಲ್ಕು ವರ್ಷದ ಬೆಕ್ಕು ಇನ್ನೂ ಹತ್ತು ವರ್ಷ ಬಾಳಬಹುದು. ಆದ್ದರಿಂದ ತರುವ ಮೊದಲೇ ಮನೆ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ, ಬಾಲ್ಕನಿಗೆ ಬಲೆ ಹಾಕಿಸಿ. ಪುಣೆ ಪಾಲಿಕೆ 2022ರಲ್ಲೇ ಬೆಕ್ಕಿನ ನೋಂದಣಿಯನ್ನು ಕಡ್ಡಾಯ ಮಾಡಿದೆ, ಅದನ್ನೂ ಮುಗಿಸಿ. ಮುಂದೆ ಆಫರ್ ಲೆಟರ್ ಬಂದಾಗ ಸಾಮಾನು ಸಾಗಿಸುವ ಖರ್ಚಿನ ಜೊತೆ ಬೆಕ್ಕಿನ ಪ್ರಯಾಣದ ಖರ್ಚನ್ನೂ ಸೇರಿಸಿ. ಆಗದು ಎನಿಸಿದರೆ ತರಲೇಬೇಡಿ.

ದೀಪಾವಳಿಗೆ ಬಂದ ಅಮ್ಮ ಎರಡು ದಿನ ನೋಡಿ, ‘ಓಡಿಹೋಗಲಿಲ್ವಲ್ಲೋ ಇದು!’ ಎಂದರು.

‘ಇಲ್ಲಿ ಮನೆ ಬಿಟ್ಟು ಹೋಗೋರು ನಾವೇ ಅಮ್ಮ’ ಎಂದೆ.