ತಿಳಿಯದವನ ಮೌನ ಸಮ್ಮತಿಯೆ?

ಕಳೆದ ಮಳೆಗಾಲದಲ್ಲಿ ಮಾಗಡಿ ತಾಲ್ಲೂಕಿನ ಒಂದು ಹಳ್ಳಿಯಿಂದ ನನ್ನ ವಿದ್ಯಾರ್ಥಿಯೊಬ್ಬನ ತಂದೆ ನನ್ನನ್ನು ಹುಡುಕಿಕೊಂಡು ಬಂದರು. ಕೈಯಲ್ಲಿ ನಾಲ್ಕು ಮಡಿಕೆಯ ಒಂದು ಕಾಗದ. ಅಂಚಿನಲ್ಲಿ ಕುಂಕುಮದ ಕಲೆ. ಎರಡು ತಿಂಗಳಿಂದ ಅದು ದೇವರ ಪಟದ ಹಿಂದೆ ಭದ್ರವಾಗಿತ್ತಂತೆ.

"ಇದ್ರಲ್ಲಿ ಏನೂ ತೊಂದ್ರೆ ಇಲ್ಲ ಅಂತ ತಾನೆ ಸಾ ಬರ್ದಿರೋದು? ಈಗ ನೋಡುದ್ರೆ ಖಾತೆ ಅಣ್ಣಯ್ಯನ ಹೆಸ್ರಿಗೆ ಆಗೋಗದೆ ಅಂತಾವ್ರೆ. ಅದೆಂಗಾಯ್ತದೆ?" ಎಂದರು.

ಕಾಗದವನ್ನು ಬಿಡಿಸಿ ಓದಿದೆ. ಒಂದು ಕಛೇರಿಯಿಂದ ಬಂದ ತಿಳುವಳಿಕೆ ಪತ್ರ. ತಂದೆ ತೀರಿಕೊಂಡ ಮೇಲೆ ಹಿರಿಯ ಮಗ ಜಮೀನಿನ ಖಾತೆಯನ್ನು ತನ್ನೊಬ್ಬನ ಹೆಸರಿಗೇ ಮಾಡಿಕೊಡಬೇಕೆಂದು ಅರ್ಜಿ ಹಾಕಿದ್ದಾನೆ. ಕಿರಿಯನಿಗೆ ಅದರ ಸೂಚನೆ ಬಂದಿದೆ. ಕೊನೆಯ ವಾಕ್ಯ ಹೀಗಿತ್ತು: "ನಿಗದಿತ ಅವಧಿಯೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸದಿದ್ದಲ್ಲಿ, ಸದರಿ ವಿಷಯದಲ್ಲಿ ತಮ್ಮದು ಏನೂ ಅಭ್ಯಂತರವಿಲ್ಲವೆಂದು ಪರಿಭಾವಿಸಿ ನಿಯಮಾನುಸಾರ ಮುಂದಿನ ಕ್ರಮ ಜರುಗಿಸಲಾಗುವುದು." ಮಗ ಅದನ್ನು ಗಟ್ಟಿಯಾಗಿ ಓದಿ ಹೇಳಿದ್ದ. ತಂದೆ ಕೇಳಿದ್ದು ಮಧ್ಯದ ಎರಡೇ ಮಾತು: 'ಏನೂ ಅಭ್ಯಂತರವಿಲ್ಲ.' ಸರ್ಕಾರವೇ ಅಭ್ಯಂತರವಿಲ್ಲವೆಂದು ಬರೆದುಕೊಟ್ಟ ಮೇಲೆ ಇನ್ನೇನು ಭಯ? ಕೈಮುಗಿದು ಪಟದ ಹಿಂದೆ ಸಿಕ್ಕಿಸಿದರು. ಗಡುವು ಮುಗಿಯಿತು. ಈಗ ಮೇಲ್ಮನವಿ, ವಕೀಲರು, ಓಡಾಟ.

ವಾಚಕರು ಈ ಮನುಷ್ಯನನ್ನು ನೋಡಿ ನಗುವುದಕ್ಕೆ ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ಕನ್ನಡದಲ್ಲಿ ಎಂ.ಎ. ಮಾಡಿ, ಇಪ್ಪತ್ತು ವರ್ಷದಿಂದ ಕನ್ನಡವನ್ನೇ ಪಾಠ ಹೇಳಿ ಅನ್ನ ತಿನ್ನುತ್ತಿರುವ ನಾನು ಆ ವಾಕ್ಯವನ್ನು ಎರಡು ಸಲ ಓದಬೇಕಾಯಿತು.

ಈಗ ನಮ್ಮ ನಾಡಿನಲ್ಲಿ 'ಸಂವಹನ ಕಲೆ'ಗೆ ಬಹಳ ಬೇಡಿಕೆ. ರಾಮನಗರದಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವವರು ಗೋಡೆಗಳ ಮೇಲೆ ನೋಡಿಯೇ ಇರುತ್ತಾರೆ: ಇಷ್ಟು ದಿನದಲ್ಲಿ ನಿರರ್ಗಳವಾಗಿ ಮಾತನಾಡಿ, ಸಂದರ್ಶನ ಗೆಲ್ಲಿ, ವ್ಯಕ್ತಿತ್ವ ಬೆಳೆಸಿಕೊಳ್ಳಿ. ಕಾಲೇಜುಗಳಿಗೂ ತರಬೇತುದಾರರು ಬರುತ್ತಾರೆ. ಹೇಗೆ ನಿಲ್ಲಬೇಕು, ಕೈ ಎಷ್ಟು ಆಡಿಸಬೇಕು, ಎದುರಿನವನ ಕಣ್ಣನ್ನು ಎಷ್ಟು ಹೊತ್ತು ನೋಡಬೇಕು, ಎಲ್ಲವನ್ನೂ ಹೇಳಿಕೊಡುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಅಂಜುವ ಹುಡುಗ ನಾಲ್ಕು ಜನರೆದುರು ನಿಂತು ಬಾಯಿಬಿಡುವುದು ಒಳ್ಳೆಯದೇ. ಆದರೆ ಈ ಪಾಠವೆಲ್ಲ ಹೇಳುವವನ ಪಾಠ. ಕೇಳಿದವನಿಗೆ ಏನು ಮುಟ್ಟಿತು ಎಂದು ವಿಚಾರಿಸುವ ಪಾಠವನ್ನು ನಾನು ಇದುವರೆಗೆ ಕಂಡಿಲ್ಲ. ಮಾತಿನ ಮೊದಲನೆಯ ಪಾಠವೇ ಅದಲ್ಲವೆ? ಹೇಳಿದ್ದು ಎದುರಿನವನಿಗೆ ಮುಟ್ಟದಿದ್ದರೆ ಹೇಳಿದಂತೆಯೇ ಅಲ್ಲ. ಮುಟ್ಟಿತೋ ಇಲ್ಲವೋ ಎಂದು ನೋಡುವ ಹೊಣೆ ಹೇಳಿದವನದು. ಇದನ್ನು ಬಿಟ್ಟು ಉಳಿದದ್ದೆಲ್ಲ ಅಲಂಕಾರ.

ಈ ಮೊದಲನೆಯ ಪಾಠವನ್ನು ಕಲಿಯಲು ದೂರ ಹೋಗಬೇಕಾಗಿಲ್ಲ. ಚನ್ನಪಟ್ಟಣದ ಹತ್ತಿರ ಕೆಂಗಲ್ಲಿನ ದನಗಳ ಜಾತ್ರೆಗೋ ಮಾಗಡಿ ರಂಗನಾಥನ ಜಾತ್ರೆಗೋ ಹೋಗಿ ನೋಡಿ. ಹಳೆಯ ದಳ್ಳಾಳಿಗಳು ಟವೆಲಿನ ಮರೆಯಲ್ಲಿ ಕೈಗೆ ಕೈ ಕೊಟ್ಟು ಬೆರಳು ಹಿಡಿದು ಎತ್ತಿನ ಬೆಲೆ ಕಟ್ಟುತ್ತಾರೆ. ಬಾಯಲ್ಲಿ ಒಂದು ಮಾತಿಲ್ಲ. ಒಂದು ಬೆರಳು ಹಿಡಿದರೆ ಇಷ್ಟು, ಎರಡು ಹಿಡಿದರೆ ಇಷ್ಟು. ಆದರೆ ಮಾರುವವನ ಕೈ ತಿರುಗಿ ಒತ್ತುವವರೆಗೆ ವ್ಯಾಪಾರ ಕುದುರಿತೆಂದು ಯಾರೂ ಹೇಳುವುದಿಲ್ಲ. ಕೈ ಸುಮ್ಮನಿದ್ದರೆ ಅದು ಒಪ್ಪಿಗೆಯಲ್ಲ. ಇನ್ನೂ ಉತ್ತರ ಬಂದಿಲ್ಲ ಎಂದಷ್ಟೇ ಅರ್ಥ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿಯೂ ಇದೇ ನ್ಯಾಯ. ಅಲ್ಲಿ ಈಗ ಹರಾಜು ಮೊಬೈಲಿಗೆ ಬಂದಿದೆ. ಆದರೂ ಬಂದ ಬೆಲೆ ಗಿಟ್ಟದಿದ್ದರೆ ಗೂಡಿನ ಒಡೆಯ ಬೇಡವೆನ್ನಬಹುದು. ಅಕ್ಷರ ಬಾರದ ಬೆಳೆಗಾರನಿಗೂ ಅಂದಿನ ದರ ತಿಳಿಯುತ್ತದೆ, ತನ್ನ ಹಕ್ಕೂ ತಿಳಿಯುತ್ತದೆ. ಸಂತೆಗೆ ಇರುವ ಈ ವಿವೇಕ ಸರ್ಕಾರದ ಕಾಗದಕ್ಕೆ ಇಲ್ಲದೆ ಹೋಯಿತು. ಅದು 'ಮೌನಂ ಸಮ್ಮತಿ ಲಕ್ಷಣಂ' ಎನ್ನುತ್ತದೆ. ಅರ್ಥವಾದವನ ಮೌನಕ್ಕೆ ಆ ಮಾತು ಸಲ್ಲಬಹುದು. ಅರ್ಥವೇ ಆಗದವನ ಮೌನವನ್ನು ಸಮ್ಮತಿಯೆಂದು ಬರೆದುಕೊಳ್ಳುವುದು ಯಾವ ನ್ಯಾಯ?

ಕನಕಪುರ ತಾಲ್ಲೂಕಿನ ಒಂದು ಗ್ರಾಮಸಭೆಗೆ ಒಮ್ಮೆ ಗೆಳೆಯರ ಜೊತೆ ಹೋಗಿದ್ದೆ. ಒಬ್ಬರು ಎದ್ದು ನಿಂತು ಕಾಮಗಾರಿಗಳ ಪಟ್ಟಿಯನ್ನು ಮುಕ್ಕಾಲು ಗಂಟೆ ಓದಿದರು. ಓದಿ ಮುಗಿಸಿ "ಎಲ್ಲರಿಗೂ ಅರ್ಥವಾಯಿತಲ್ಲ?" ಎಂದರು. "ಆಯ್ತು ಸ್ವಾಮಿ" ಎಂದು ಸಭೆಯೆಲ್ಲ ಒಂದೇ ದನಿಯಲ್ಲಿ ಹೇಳಿತು. ಆಗ ಹಿಂದಿನಿಂದ ಒಬ್ಬ ಅಜ್ಜಿ, "ಅದೆಲ್ಲಾ ಸರಿ ಕಣಪ್ಪ, ನಮ್ಮ ಕೆಟ್ಟೋದ ಬೋರ್ ಯಾವತ್ತು ರಿಪೇರಿ ಮಾಡೀರಿ?" ಎಂದು ಕೇಳಿದಳು. ಓದಿದವರಿಗೆ ಸಿಟ್ಟು ಬಂತು. "ಈಗ ತಾನೇ ಓದಿದೆನಲ್ಲಮ್ಮ, ಕೊಳವೆಬಾವಿ ಪುನಶ್ಚೇತನ ಕಾಮಗಾರಿ ಅಂತ!" ಎಂದರು. ಸಭೆ ನಕ್ಕಿತು. ನಾನೂ ನಕ್ಕೆ. ಆಮೇಲೆ ಯೋಚಿಸಿದರೆ ಅಂದು ಆ ಸಭೆಯಲ್ಲಿ ನಿಜವಾಗಿ ಮಾತನಾಡಿದವಳು ಆ ಅಜ್ಜಿ ಒಬ್ಬಳೇ. ಉಳಿದವರು 'ಆಯ್ತು' ಎಂದದ್ದು ಊಟದ ಹೊತ್ತಾಯಿತೆಂದು.

ಈ ಗೊಡ್ಡು ಕನ್ನಡ ಎಲ್ಲಿಂದ ಬಂತು? ಗುಮಾಸ್ತರನ್ನು ಬಯ್ದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಅಪರಾಧದಲ್ಲಿ ನನ್ನಂಥ ಕನ್ನಡ ಮೇಷ್ಟರುಗಳ ಪಾಲು ದೊಡ್ಡದು. ಹೈದರ್, ಟಿಪ್ಪು ಕಾಲದಿಂದಲೂ, ಅದಕ್ಕೆ ಮುಂಚಿನಿಂದಲೂ, ನಮ್ಮ ಆಡಳಿತದಲ್ಲಿ ಪಾರಸಿ, ಅರಬ್ಬಿ ಮಾತುಗಳು ಸೇರಿಕೊಂಡಿವೆ: ಜಮೀನು, ತಹಸೀಲು, ಜಮಾಬಂದಿ, ವಸೂಲಿ, ತಕರಾರು. ಇವೆಲ್ಲ ಹುಟ್ಟಿನಿಂದ ಪರದೇಶಿ. ಬಳಕೆಯಿಂದ ಹೊಲಗದ್ದೆಯ ಕನ್ನಡ. 'ತಕರಾರು' ಎಂದರೆ ಏನೆಂದು ಮಾಗಡಿಯ ಆ ರೈತನಿಗೆ ಹೇಳಿಕೊಡಬೇಕಾಗಿಲ್ಲ. ತರಗತಿಯಲ್ಲಿ ಪತ್ರಲೇಖನದ ಪಾಠ ಮಾಡುವಾಗ 'ತಕರಾರು ಅರ್ಜಿ' ಎಂದು ಬರೆದ ಹುಡುಗರ ಉತ್ತರಪತ್ರಿಕೆಗಳಲ್ಲಿ ಆ ಮಾತಿಗೆ ಕೆಂಪು ಗೆರೆ ಎಳೆದು 'ಆಕ್ಷೇಪಣಾ ಪತ್ರ' ಎಂದು ತಿದ್ದಿದವನು ನಾನೇ. ಭಾಷೆಯನ್ನು ಶುದ್ಧ ಮಾಡುತ್ತಿದ್ದೇನೆಂದು ನಂಬಿದ್ದೆ. ಆ ಹುಡುಗರಲ್ಲಿ ಎಷ್ಟು ಜನ ಈಗ ಕಛೇರಿಗಳಲ್ಲಿ ಕುಳಿತು ನೋಟೀಸು ಬರೆಯುತ್ತಿದ್ದಾರೋ! ನಾನು ಕಲಿಸಿದ ಕನ್ನಡವೇ ಆ ರೈತನ ಮನೆಗೆ ಹೋಗಿ ದೇವರ ಪಟದ ಹಿಂದೆ ಕುಳಿತಿತು.

1963ರಲ್ಲಿ ರಾಜಭಾಷಾ ಕಾಯಿದೆ ಬಂದು ಕನ್ನಡ ಈ ರಾಜ್ಯದ ಆಡಳಿತ ಭಾಷೆಯಾಯಿತು. 2000ದ ಸುಮಾರಿಗೆ 'ಭೂಮಿ' ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಸೇರಿದವು. ಎರಡೂ ದೊಡ್ಡ ಕೆಲಸಗಳೇ. ಆದರೆ ಕನ್ನಡದಲ್ಲಿ ಬರೆದರೆ ಕನ್ನಡಿಗನಿಗೆ ತಿಳಿದೇ ತಿಳಿಯುತ್ತದೆ ಎಂದು ನಾವು ಅಂದುಕೊಂಡುಬಿಟ್ಟೆವು. ಇಂಗ್ಲಿಷಿನ ಕಾಗದ ಬಂದಾಗ ರೈತ 'ನನಗೆ ಗೊತ್ತಾಗಲಿಲ್ಲ' ಎಂದು ಧೈರ್ಯವಾಗಿ ಹೇಳಿ ಓದಿಸಿಕೊಳ್ಳುತ್ತಿದ್ದ. ಕನ್ನಡದ ಕಾಗದ ಬಂದು ಅದೂ ಗೊತ್ತಾಗದಿದ್ದರೆ ನಾಚಿಕೆಪಟ್ಟು ಸುಮ್ಮನಾಗುತ್ತಾನೆ. ಇದು ಮೊದಲಿನದಕ್ಕಿಂತ ಕೆಟ್ಟ ಸ್ಥಿತಿ.

"ಕಾನೂನಿನ ಭಾಷೆ ಖಚಿತವಾಗಿರಬೇಕು, ಆಡುಮಾತಿನಲ್ಲಿ ಅದು ಸಾಧ್ಯವಿಲ್ಲ" ಎಂದು ಅಧಿಕಾರಿ ಮಿತ್ರರೊಬ್ಬರು ವಾದಿಸಿದರು. ಖಚಿತವಾಗಿರಬೇಕು ಎಂಬುದನ್ನು ಒಪ್ಪುತ್ತೇನೆ. ಆದರೆ ಖಚಿತತೆ ಬೇರೆ, ಕ್ಲಿಷ್ಟತೆ ಬೇರೆ. ಅದೇ ಪತ್ರವನ್ನು ಹೀಗೆ ಬರೆದಿದ್ದರೆ? "ನಿಮ್ಮ ತಂದೆಯವರ ಹೆಸರಿನ ಜಮೀನಿನ ಖಾತೆಯನ್ನು ತಮ್ಮೊಬ್ಬರ ಹೆಸರಿಗೆ ಮಾಡಿಕೊಡಬೇಕೆಂದು ನಿಮ್ಮ ಅಣ್ಣನವರು ಅರ್ಜಿ ಕೊಟ್ಟಿದ್ದಾರೆ. ಇದು ನಿಮಗೆ ಒಪ್ಪಿಗೆಯಿಲ್ಲದಿದ್ದರೆ ಇಂಥ ತಾರೀಖಿನೊಳಗೆ ಈ ಕಛೇರಿಗೆ ತಕರಾರು ಬರೆದುಕೊಡಿ. ಕೊಡದಿದ್ದರೆ ಖಾತೆ ಅವರ ಹೆಸರಿಗೆ ಹೋಗುತ್ತದೆ." ಇದರಲ್ಲಿ ಕಾನೂನಿಗೆ ಬೇಕಾದ ಯಾವ ಅಂಶ ಬಿಟ್ಟುಹೋಯಿತು? ಮಿತ್ರರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೀಗೆ ಬರೆದರೆ ಎಲ್ಲರೂ ತಕರಾರು ಹಾಕುತ್ತಾರೆ" ಎಂದರು. ನಿಜವಾದ ಮಾತು ಕೊನೆಗೆ ಹೊರಬಿತ್ತು. ತಿಳಿಯದ ಭಾಷೆ ಬರೆಯುವವನಿಗೆ ಅನುಕೂಲ. ಕೆಲಸ ಬೇಗ ಮುಗಿಯುತ್ತದೆ, ಕಡತ ಮುಚ್ಚುತ್ತದೆ.

ಬೇರೆ ದೇಶಗಳಲ್ಲಿ ಈ ರೋಗವಿಲ್ಲವೆಂದಲ್ಲ. ಇಂಗ್ಲೆಂಡಿನ ಖಜಾನೆಯವರು ತಮ್ಮ ನೌಕರರ ಬರವಣಿಗೆ ಜನಕ್ಕೆ ತಿಳಿಯುವುದಿಲ್ಲವೆಂದು ಮನಗಂಡು ಸರ್ ಅರ್ನೆಸ್ಟ್ ಗೋವರ್ಸ್ ಎಂಬ ಹಿರಿಯ ಅಧಿಕಾರಿಯಿಂದ ಒಂದು ಕೈಪಿಡಿ ಬರೆಸಿದರು. ಅದು 1948ರಲ್ಲಿ ಹೊರಬಂತು. ಅಮೆರಿಕದಲ್ಲಿ 2010ರಲ್ಲಿ ಸರಳ ಬರವಣಿಗೆಗೆಂದೇ ಒಂದು ಕಾಯಿದೆ ಮಾಡಿದರು. ರೋಗವನ್ನು ರೋಗವೆಂದು ಒಪ್ಪಿಕೊಳ್ಳುವ ಪ್ರಾಮಾಣಿಕತೆ ಅಲ್ಲಿ ಕಂಡಿತು. ನಾವಾದರೋ ಅದನ್ನು ಭಾಷೆಯ ಗಾಂಭೀರ್ಯವೆಂದು ಕರೆಯುತ್ತೇವೆ.

ಇದು ಹಳ್ಳಿಯವರ ಕಷ್ಟ, ತಮಗೇನು ಎಂದು ನಗರದ ವಾಚಕರು ಭಾವಿಸಬಾರದು. ನೀವು ಬ್ಯಾಂಕಿನಲ್ಲಿ ಸಾಲಕ್ಕೆ ರುಜು ಹಾಕಿದ ಕಾಗದಗಳಲ್ಲಿ ಎಷ್ಟನ್ನು ಓದಿದ್ದೀರಿ? ವಿಮೆಯ ಷರತ್ತುಗಳಲ್ಲಿ ಎಷ್ಟು ಅರ್ಥವಾಗಿದೆ? ಮೊಬೈಲಿನಲ್ಲಿ 'ಒಪ್ಪಿದ್ದೇನೆ' ಎಂಬ ಗುಂಡಿಯನ್ನು ನಿನ್ನೆ ಎಷ್ಟು ಬಾರಿ ಒತ್ತಿದಿರಿ? ನಮ್ಮ ನಿಮ್ಮ ದೇವರ ಪಟ ಬೇರೆ, ಅಷ್ಟೆ.

ನಮ್ಮ ಊರು ಕ್ಲೋಸ್‌ಪೇಟೆಯಾಗಿದ್ದು ರಾಮನಗರವಾಯಿತು, 2007ರಲ್ಲಿ ಜಿಲ್ಲೆಯಾಯಿತು, 2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣವೆಂದು ಬದಲಾಯಿತು. ಪ್ರತಿ ಸಲವೂ ಹಲಗೆ, ಮೊಹರು, ಕಾಗದದ ತಲೆಬರಹ ಬದಲಾಯಿಸಲು ನಮಗೆ ಹಣವಿದೆ, ಉತ್ಸಾಹವಿದೆ. ತಲೆಬರಹದ ಕೆಳಗಿನ ನಾಲ್ಕು ಸಾಲನ್ನು ಬದಲಾಯಿಸಲು ಖರ್ಚೇ ಇಲ್ಲ. ಮನಸ್ಸು ಮಾತ್ರ ಬೇಕು. ಪ್ರತಿಯೊಂದು ನೋಟೀಸಿನ ಮಾದರಿಯನ್ನೂ ಹೊರಡಿಸುವ ಮುಂಚೆ ಹೊರಗೆ ಬೆಂಚಿನ ಮೇಲೆ ಕಾದು ಕುಳಿತ ಮೂವರಿಗೆ ಓದಿಹೇಳಿ, "ನಿಮಗೆ ಏನು ತಿಳಿಯಿತು, ನೀವೇ ಹೇಳಿ" ಎಂದು ಕೇಳಲಿ. 'ಅರ್ಥವಾಯಿತೆ' ಎಂದು ಕೇಳಬಾರದು. ಅದಕ್ಕೆ ಎಲ್ಲರೂ ಆಯಿತೆಂದೇ ಹೇಳುತ್ತಾರೆ. ಮೂವರೂ ಸರಿಯಾಗಿ ಹೇಳಿದರೆ ಅಚ್ಚಿಗೆ ಕಳುಹಿಸಲಿ, ಇಲ್ಲದಿದ್ದರೆ ತಿದ್ದಲಿ.

ನನ್ನ ಪಾಲಿನ ಪ್ರಾಯಶ್ಚಿತ್ತವನ್ನು ನಾನು ಆರಂಭಿಸಿದ್ದೇನೆ. ಈ ವರ್ಷ ಪತ್ರಲೇಖನದ ಪಾಠದಲ್ಲಿ ಆ ತಿಳುವಳಿಕೆ ಪತ್ರದ ಒಕ್ಕಣೆಯನ್ನೇ ಹೆಸರು ವಿಳಾಸ ತೆಗೆದು ಹುಡುಗರಿಗೆ ಕೊಟ್ಟೆ: ಮನೆಗೆ ಹೋಗಿ ಓದಿಹೇಳಿ, ಮನೆಯವರಿಗೆ ಏನು ತಿಳಿಯಿತೆಂದು ಬರೆದುಕೊಂಡು ಬನ್ನಿ. ಮಾರನೆಯ ದಿನ ನಲವತ್ತು ಉತ್ತರ ಬಂದವು. ಸರಿಯಾಗಿ ತಿಳಿದಿದ್ದವರು ಏಳು ಮನೆಯವರು. ಆ ರೈತನ ಮೇಲ್ಮನವಿ ಇನ್ನೂ ನಡೆಯುತ್ತಿದೆ.