ಮಾತು ಕೇಳಿ ಮನೆ ಕೊಡುವವರು

ಮಗ್ಗದ ಕೆಲಸಕ್ಕೆಂದು ಹಳ್ಳಿ ಬಿಟ್ಟು ಬೆಳಗಾವಿಗೆ ಬರುವ ಸಂಸಾರದ ಮುಂದೆ ಎರಡು ಪ್ರಶ್ನೆ: ಎಲ್ಲಿ ಮನೆ? ಯಾವ ಶಾಲೆ? ಶಹಾಪುರ, ವಡಗಾವಿ, ಖಾಸಬಾಗದ ಓಣಿಗಳಲ್ಲಿ ಮಗ್ಗದ ಸದ್ದಿನ ಜೊತೆಗೇ ಕನ್ನಡ, ಮರಾಠಿ ಎರಡೂ ಕೇಳುತ್ತವೆ. 1956ರಲ್ಲಿ ಎಳೆದ ಗಡಿಯ ಮೇಲೆ ಮುಖಂಡರು ಇಂದಿಗೂ ಓಟಿನ ಬೆಳೆ ತೆಗೆಯುತ್ತಿದ್ದಾರೆ. ಅವರಲ್ಲಿ ಎಷ್ಟು ಮಂದಿಯ ಮಕ್ಕಳು ಕನ್ನಡ ಶಾಲೆಯಲ್ಲೋ ಮರಾಠಿ ಶಾಲೆಯಲ್ಲೋ ಓದುತ್ತಿದ್ದಾರೆ? ನಾವು ಕೇಳುತ್ತೇವೆ, ಉತ್ತರ ಕೊಡಲಿ!

ಬಂಧುಗಳೇ, ಮೊದಲು ಮಗು ನಡೆದು ಹೋಗುವಂಥ ಸರಕಾರಿ ಶಾಲೆ ನೋಡಿರಿ. ಆಮೇಲೆ ಅದರ ಸುತ್ತ ಮನೆ ಹುಡುಕಿರಿ. ಮೊದಲ ಪಾಠ ತಾಯ್ನುಡಿಯಲ್ಲಾಗಲಿ. ಸಂವಿಧಾನದ 350ಎ ವಿಧಿ ಅದಕ್ಕೆ ಅನುಕೂಲ ಮಾಡಿಕೊಡಲು ರಾಜ್ಯಗಳಿಗೆ ಹೇಳಿದೆ. ನೆರೆಯವರ ಭಾಷೆಯನ್ನು ಓಣಿಯೇ ಕಲಿಸುತ್ತದೆ. ಹಳೆಯ ಶಾಲೆಯ ವರ್ಗಾವಣೆ ಪತ್ರ ಬಂದಿಲ್ಲವೆಂದು ಹೆಡ್‌ಮಾಸ್ತರರು ತಿರುಗಿ ಕಳಿಸಿದರೆ, 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೆಯ ಕಲಮು ತೋರಿಸಿರಿ: ಪತ್ರ ತಡವಾಯಿತೆಂದು ಪ್ರವೇಶ ತಡೆಯುವಂತಿಲ್ಲ.

ಮನೆಯ ಮಾಲಿಕ ನಿಮ್ಮ ಮಾತು ಕೇಳಿ ಬಾಗಿಲು ಹಾಕಿಕೊಂಡರೆ? ಅಲ್ಲಿ ಕಲಮು ಸಾಲದು, ಸಂಘ ಬೇಕು. ಕನ್ನಡದ ನೇಕಾರನೂ ಮರಾಠಿಯ ನೇಕಾರನೂ ಕೂಡಿಯೇ ಆ ಬಾಗಿಲು ತಟ್ಟಲಿ. ಬಾಡಿಗೆ ವಸೂಲಿಗೆ ಅಡ್ಡ ಬಾರದ ಭಾಷೆ, ಬಡವರ ಒಗ್ಗಟ್ಟಿಗೇಕೆ ಅಡ್ಡ ಬರಬೇಕು?